ಡೇನಿಯಲ್ ಗೇಬ್ರಿಯಲ್ ಫ್ಯಾರನ್‌ಹೀಟ್ (1686–1736): ತಾಪಮಾನದ ಅಳತೆಗೆ ನೆಲೆ ಒದಗಿಸಿದ ಕುಶಲಕರ್ಮಿ

ಮಗುವಿಗೆ ಜ್ವರ ಬಂದಾಗ ನೂರಾ ಎರಡು ಡಿಗ್ರಿ ಇದೆ ಎಂದು ಹೇಳುವುದು ನಮ್ಮ ಮನೆಗಳಲ್ಲಿ ರೂಢಿಯಾಗಿರುತ್ತದೆ. ಅದೇ ದಿನದ ಹವಾಮಾನ ವರದಿಯಲ್ಲಿ ಊರಿನ ಗರಿಷ್ಠ ಉಷ್ಣಾಂಶ 34 ಡಿಗ್ರಿ ಎಂದು ಪ್ರಕಟವಾಗಿರುತ್ತದೆ. ಮೊದಲನೆಯದು ಫ್ಯಾರನ್‌ಹೀಟ್ ಮಾಪಕದ ಅಂಕಿ, ಎರಡನೆಯದು ಸೆಲ್ಸಿಯಸ್ ಮಾಪಕದ ಅಂಕಿ. ಒಂದೇ ಮನೆಯಲ್ಲಿ, ಒಂದೇ ದಿನ, ಎರಡು ಬೇರೆ ಬೇರೆ ಅಳತೆಗಳು ಬಳಕೆಯಲ್ಲಿರುವುದನ್ನು ಬಹುಮಂದಿ ಗಮನಿಸುವುದಿಲ್ಲ. ಈ ಎರಡು ಅಳತೆಗಳ ನಡುವಿನ ಸಂಬಂಧವೇನು, ಮೊದಲನೆಯ ಅಳತೆಗೆ ತನ್ನ ಹೆಸರನ್ನು ನೀಡಿದ ವ್ಯಕ್ತಿ ಯಾರು ಎಂಬುದನ್ನು ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಗೆ ವಿವರಿಸಲಾಗಿದೆ.

ಜನನ ಮತ್ತು ಬಾಲ್ಯ

ಡೇನಿಯಲ್ ಗೇಬ್ರಿಯಲ್ ಫ್ಯಾರನ್‌ಹೀಟ್ ಅವರು 1686ನೇ ಇಸವಿಯ ಮೇ 24ರಂದು ಬಾಲ್ಟಿಕ್ ಸಮುದ್ರ ತೀರದ ಡಾನ್‌ಜಿಗ್ ನಗರದಲ್ಲಿ ಜನಿಸಿದರು. ಜರ್ಮನ್ ಭಾಷಿಕರೇ ಹೆಚ್ಚಾಗಿದ್ದ ಈ ಬಂದರು ನಗರವು ಆಗ ಪೋಲೆಂಡ್–ಲಿಥುವೇನಿಯಾ ಒಕ್ಕೂಟಕ್ಕೆ ಸೇರಿತ್ತು. ಈಗ ಅದು ಪೋಲೆಂಡ್ ದೇಶದಲ್ಲಿದ್ದು, ಗ್ಡಾನ್ಸ್ಕ್ ಎಂಬ ಹೆಸರಿನಿಂದ ಪರಿಚಿತವಾಗಿದೆ. ಅವರ ಮನೆತನ ವ್ಯಾಪಾರಿಗಳದು. ಬದುಕುಳಿದ ಐವರು ಮಕ್ಕಳಲ್ಲಿ ಇವರೇ ಹಿರಿಯರು.

1701ರ ಆಗಸ್ಟ್ 14ರಂದು ಈ ಕುಟುಂಬಕ್ಕೆ ದೊಡ್ಡ ಆಘಾತ ಒದಗಿತು. ವಿಷಕಾರಿ ಅಣಬೆಯನ್ನು ಸೇವಿಸಿದ ಪರಿಣಾಮವಾಗಿ ತಂದೆ ಮತ್ತು ತಾಯಿ ಇಬ್ಬರೂ ಒಂದೇ ದಿನ ತೀರಿಕೊಂಡರು. ಆಗ ಡೇನಿಯಲ್ ಅವರಿಗೆ ಹದಿನೈದು ವರ್ಷ ವಯಸ್ಸು. ಮಕ್ಕಳ ಹೊಣೆಯನ್ನು ಪೋಷಕರಾಗಿ ನೇಮಕಗೊಂಡವರು ವಹಿಸಿಕೊಂಡರು. ಕಿರಿಯ ನಾಲ್ವರನ್ನು ಬೇರೆಯವರ ಆಶ್ರಯಕ್ಕೆ ಒಪ್ಪಿಸಲಾಯಿತು. ಹಿರಿಯ ಮಗನನ್ನು ವ್ಯಾಪಾರ ಮತ್ತು ಲೆಕ್ಕಪತ್ರದ ಕೆಲಸ ಕಲಿಯಲೆಂದು ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್ ನಗರದ ವರ್ತಕರೊಬ್ಬರ ಬಳಿಗೆ ಕಳುಹಿಸಲಾಯಿತು.

ವ್ಯಾಪಾರದಿಂದ ಉಪಕರಣಗಳ ಕಡೆಗೆ

ಆಮ್‌ಸ್ಟರ್‌ಡ್ಯಾಮ್ ಅಂದಿನ ಯುರೋಪಿನ ಪ್ರಮುಖ ವ್ಯಾಪಾರ ಕೇಂದ್ರವಾಗಿತ್ತು. ವ್ಯಾಪಾರದ ಜೊತೆಗೆ ದೂರದರ್ಶಕ, ವಾಯುಭಾರಮಾಪಕ, ತಾಪಮಾಪಕ ಮುಂತಾದ ವೈಜ್ಞಾನಿಕ ಉಪಕರಣಗಳನ್ನು ತಯಾರಿಸಿ ಮಾರುವ ಕುಶಲಕರ್ಮಿಗಳೂ ಅಲ್ಲಿದ್ದರು. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಹದಿನೇಳನೇ ಶತಮಾನದಲ್ಲಿ ರೂಪುಗೊಂಡ ಮಾದರಿಯ, ಗಾಜಿನ ಬುರುಡೆಯಲ್ಲಿ ಮದ್ಯಸಾರ ತುಂಬಿದ ತಾಪಮಾಪಕಗಳು ಯುವಕ ಡೇನಿಯಲ್ ಅವರ ಗಮನ ಸೆಳೆದವು. ಜಮಾ ಖರ್ಚಿನ ಪುಸ್ತಕಕ್ಕಿಂತ ಗಾಜಿನ ಕೊಳವೆಗಳೇ ಅವರಿಗೆ ಹೆಚ್ಚು ಪ್ರಿಯವಾದವು.

ಪೋಷಕರಿಗೆ ಈ ಒಲವು ಸರಿಬರಲಿಲ್ಲ. ವ್ಯಾಪಾರವನ್ನು ಬಿಟ್ಟು ಊರೂರು ಸುತ್ತತೊಡಗಿದ ಯುವಕನನ್ನು ಬಂಧಿಸಿ, ಡಚ್ ಈಸ್ಟ್ ಇಂಡಿಯಾ ಕಂಪನಿಯ ಸೇವೆಗೆ ಸೇರಿಸಿ ಪೂರ್ವದೇಶಗಳಿಗೆ ಸಾಗಹಾಕುವ ಉದ್ದೇಶದಿಂದ, ಅವರ ಕೋರಿಕೆಯ ಮೇರೆಗೆ ಬಂಧನದ ಆದೇಶವೂ ಹೊರಟಿತ್ತು. ಹೀಗಾಗಿ ಇಪ್ಪತ್ತರ ಹರೆಯದ ಫ್ಯಾರನ್‌ಹೀಟ್ ಅವರು ಜರ್ಮನ್ ಸಂಸ್ಥಾನಗಳು, ಸ್ವೀಡನ್, ಡೆನ್ಮಾರ್ಕ್ ಮೊದಲಾದ ಕಡೆಗಳಲ್ಲಿ ಹಲವು ವರ್ಷ ಅಲೆದರು. ಹೋದೆಡೆಯಲ್ಲೆಲ್ಲ ಉಪಕರಣ ತಯಾರಕರನ್ನೂ ವಿದ್ವಾಂಸರನ್ನೂ ಕಂಡು ಕೆಲಸ ಕಲಿತರು.

ಕೋಪನ್‌ಹೇಗನ್ ಭೇಟಿ

1708ರಲ್ಲಿ ಅವರು ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನಲ್ಲಿ ಓಲೆ ರೋಮರ್ ಎಂಬ ಖಗೋಳ ವಿಜ್ಞಾನಿಯನ್ನು ಭೇಟಿ ಮಾಡಿದರು. ಬೆಳಕಿಗೂ ಒಂದು ನಿಶ್ಚಿತ ವೇಗವಿದೆ ಎಂಬುದನ್ನು 1676ರಲ್ಲಿ ತೋರಿಸಿಕೊಟ್ಟವರು ಈ ರೋಮರ್ ಅವರೇ. 1683ರಲ್ಲಿ ಡೆನ್ಮಾರ್ಕ್ ದೇಶಕ್ಕೆಲ್ಲ ಅನ್ವಯವಾಗುವ ತೂಕ ಮತ್ತು ಅಳತೆಯ ಏಕರೂಪ ಪದ್ಧತಿಯನ್ನು ಜಾರಿಗೆ ತಂದ ಕೀರ್ತಿಯೂ ಅವರಿಗೆ ಸಲ್ಲುತ್ತದೆ.

ರೋಮರ್ ಅವರು ತಾಪಮಾಪಕಕ್ಕೂ ಇದೇ ಶಿಸ್ತನ್ನು ಅನ್ವಯಿಸಿದ್ದರು. ಅಂದಿನ ತಾಪಮಾಪಕಗಳ ದೊಡ್ಡ ಕೊರತೆಯೆಂದರೆ ಒಂದರ ಅಂಕಿ ಇನ್ನೊಂದರ ಅಂಕಿಗೆ ಹೊಂದುತ್ತಿರಲಿಲ್ಲ. ಪ್ರತಿಯೊಬ್ಬ ತಯಾರಕನೂ ತನಗೆ ತೋಚಿದಂತೆ ಗೆರೆಗಳನ್ನು ಹಾಕುತ್ತಿದ್ದನು. ಒಂದು ಊರಿನ ಚಳಿಯನ್ನು ಮತ್ತೊಂದು ಊರಿನ ಚಳಿಯೊಂದಿಗೆ ಹೋಲಿಸಲು ಸಾಧ್ಯವಿರಲಿಲ್ಲ. ಎಲ್ಲೆಡೆ ಒಂದೇ ರೀತಿ ಮರುಕಳಿಸುವ ಎರಡು ಸ್ಥಿತಿಗಳನ್ನು ಗುರುತಿಸಿ, ಅವುಗಳ ನಡುವಿನ ಅಂತರವನ್ನು ಸಮಭಾಗ ಮಾಡಬೇಕೆಂಬುದು ರೋಮರ್ ಅವರ ವಿಧಾನವಾಗಿತ್ತು. ಅವರ ಮಾಪಕದಲ್ಲಿ ಕರಗುತ್ತಿರುವ ಮಂಜುಗಡ್ಡೆಯು ಏಳೂವರೆ ಡಿಗ್ರಿ, ಕುದಿಯುವ ನೀರು 60 ಡಿಗ್ರಿ. ಮನುಷ್ಯನ ಮೈಬಿಸಿಯಷ್ಟು ಬೆಚ್ಚಗಿನ ನೀರು ಇಪ್ಪತ್ತೆರಡೂವರೆ ಡಿಗ್ರಿ ಎಂದು ಫ್ಯಾರನ್‌ಹೀಟ್ ಅವರು ಅಲ್ಲಿ ತಿಳಿದುಕೊಂಡರು. ಮುಂದೆ ಅವರ ಜೀವಮಾನದ ಕೆಲಸಕ್ಕೆ ಈ ಭೇಟಿಯೇ ಬುನಾದಿಯಾಯಿತು.

ಒಂದಕ್ಕೊಂದು ಹೊಂದುವ ಎರಡು ತಾಪಮಾಪಕಗಳು

ರೋಮರ್ ಅವರ ಅಂಕಿಗಳಲ್ಲಿ ಬರುತ್ತಿದ್ದ ಅರ್ಧ ಡಿಗ್ರಿಗಳು ಬಳಕೆಗೆ ಅನನುಕೂಲವಾಗಿದ್ದವು. ಆದ್ದರಿಂದ ಫ್ಯಾರನ್‌ಹೀಟ್ ಅವರು ಪ್ರತಿ ಡಿಗ್ರಿಯನ್ನು ನಾಲ್ಕು ಭಾಗ ಮಾಡಿದರು. ಇದರಿಂದ ಏಳೂವರೆಯು 30 ಆಯಿತು, ಇಪ್ಪತ್ತೆರಡೂವರೆಯು 90 ಆಯಿತು. ಕೆಲವು ವರ್ಷಗಳ ನಂತರ ಈ ಎರಡು ಅಂಕಿಗಳನ್ನು ಕ್ರಮವಾಗಿ 32 ಮತ್ತು 96 ಎಂದು ಪರಿಷ್ಕರಿಸಿದರು. ಈ ಪರಿಷ್ಕರಣೆಯಲ್ಲಿ ಒಂದು ಅನುಕೂಲವಿದೆ. 32 ಮತ್ತು 96ರ ನಡುವಿನ ಅಂತರ 64. ಈ ಅಂತರವನ್ನು ಸತತವಾಗಿ ಆರು ಬಾರಿ ಅರ್ಧ ಮಾಡುತ್ತಾ ಹೋದರೆ ಸರಿಯಾಗಿ ಒಂದು ಡಿಗ್ರಿ ದೊರೆಯುತ್ತದೆ. ಕೈಯಿಂದಲೇ ಗೆರೆ ಹಾಕಬೇಕಾಗಿದ್ದ ಕಾಲದಲ್ಲಿ ಅರ್ಧ ಮಾಡುವುದಕ್ಕಿಂತ ಸುಲಭವೂ ನಿಖರವೂ ಆದ ವಿಭಜನೆ ಬೇರೆ ಇರಲಿಲ್ಲ.

1714ರಲ್ಲಿ ಅವರು ಜರ್ಮನಿಯ ಹಾಲೆ ನಗರದ ಪ್ರಾಧ್ಯಾಪಕ ಕ್ರಿಸ್ಟಿಯನ್ ವೋಲ್ಫ್ ಅವರಿಗೆ ಮದ್ಯಸಾರದ ಎರಡು ತಾಪಮಾಪಕಗಳನ್ನು ನೀಡಿದರು. ಅವೆರಡನ್ನೂ ಒಂದೇ ಸ್ಥಳದಲ್ಲಿ ಇಟ್ಟು ನೋಡಿದಾಗ ಎರಡೂ ಬಹುತೇಕ ಒಂದೇ ಅಂಕಿಯನ್ನು ತೋರಿಸಿದವು. ಇಂದು ಇದು ಸಾಮಾನ್ಯ ಸಂಗತಿಯೆನಿಸಬಹುದು. ಅಂದಿನ ವಿದ್ವಾಂಸರಿಗೆ ಇದು ಎಷ್ಟು ಸೋಜಿಗವೆನಿಸಿತೆಂದರೆ, ವೋಲ್ಫ್ ಅವರು ಅದೇ ವರ್ಷ ಈ ಕುರಿತು ಒಂದು ಲೇಖನವನ್ನೇ ಪ್ರಕಟಿಸಿದರು. ಒಂದು ಉಪಕರಣದ ಅಂಕಿಯನ್ನು ಇನ್ನೊಂದು ಉಪಕರಣವು ದೃಢಪಡಿಸಿದಾಗ ಮಾತ್ರ ಅಳತೆಗೆ ಬೆಲೆ ಬರುತ್ತದೆ. ಅಂಗಡಿಯ ತೂಕದ ಬಟ್ಟುಗಳನ್ನು ಪ್ರಮಾಣಿತ ಬಟ್ಟುಗಳೊಂದಿಗೆ ಹೋಲಿಸಿ ಮುದ್ರೆ ಹಾಕುವ ಪದ್ಧತಿಯ ಹಿಂದೆ ಇರುವ ತತ್ವವೂ ಇದೇ ಆಗಿರುತ್ತದೆ.

ಇದಾದ ಮೇಲೆ ಅವರು ಮದ್ಯಸಾರದ ಬದಲಿಗೆ ಪಾದರಸವನ್ನು ಬಳಸತೊಡಗಿದರು. ಪಾದರಸವು ನೀರಿನ ಕುದಿಬಿಂದುವನ್ನು ದಾಟಿದರೂ ಕುದಿಯುವುದಿಲ್ಲ, ಶಾಖಕ್ಕೆ ಬೇಗ ಸ್ಪಂದಿಸುತ್ತದೆ, ಗಾಜಿನೊಳಗೆ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಕಲ್ಮಶವಿರುವ ಪಾದರಸವು ಕೊಳವೆಯ ಒಳಮೈಗೆ ಅಂಟಿಕೊಳ್ಳುತ್ತಿತ್ತು. ಅದನ್ನು ಶುದ್ಧೀಕರಿಸುವ ವಿಧಾನವನ್ನು ಅವರು ಕಂಡುಕೊಂಡರು. ನಂಬಲರ್ಹವಾದ ಪಾದರಸದ ತಾಪಮಾಪಕವು ಬಳಕೆಗೆ ಬಂದದ್ದು ಹೀಗೆ.

ಹಾಲೆಂಡಿನಲ್ಲಿ ವೃತ್ತಿಜೀವನ

1717ರ ಸುಮಾರಿಗೆ ಫ್ಯಾರನ್‌ಹೀಟ್ ಅವರು ಹಾಲೆಂಡಿನಲ್ಲಿ ನೆಲೆನಿಂತು, ಗಾಜು ಊದುವ ಕುಶಲಕರ್ಮಿಯಾಗಿ ತಾಪಮಾಪಕ, ವಾಯುಭಾರಮಾಪಕ ಮತ್ತು ದ್ರವಗಳ ಸಾಂದ್ರತೆ ಅಳೆಯುವ ಉಪಕರಣಗಳನ್ನು ತಯಾರಿಸಿ ಮಾರಾಟ ಮಾಡುತ್ತಿದ್ದರು. 1718ರಿಂದ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಗಳನ್ನೂ ನೀಡುತ್ತಿದ್ದರು. ಲೈಡನ್ ವಿಶ್ವವಿದ್ಯಾಲಯದ ಪ್ರಸಿದ್ಧ ವೈದ್ಯ ಹೆರ್ಮನ್ ಬೋರ್‌ಹಾವೆ ಅವರೊಂದಿಗೆ ಪತ್ರವ್ಯವಹಾರ ಇಟ್ಟುಕೊಂಡಿದ್ದರು. ವಿಶ್ವವಿದ್ಯಾಲಯದ ಪದವಿಯಾಗಲಿ, ಅಧಿಕಾರದ ಹುದ್ದೆಯಾಗಲಿ ಅವರಿಗೆ ಇರಲಿಲ್ಲ. ಕೈಕೆಲಸವೇ ಅವರ ಜೀವನೋಪಾಯವಾಗಿತ್ತು.

1721ರಲ್ಲಿ ಅವರು ಗಾಜಿನ ಬುರುಡೆಯೊಂದರಲ್ಲಿ ಮಳೆನೀರನ್ನು ತುಂಬಿ, ಗಾಳಿಯನ್ನು ತೆಗೆದು ಮುಚ್ಚಿ, ಕೊರೆಯುವ ಚಳಿಯಲ್ಲಿ ಇರಿಸಿದ್ದರು. ಹೆಪ್ಪುಗಟ್ಟುವ ಮಟ್ಟಕ್ಕಿಂತ ಕೆಳಗೆ ತಂಪಾಗಿದ್ದರೂ ನೀರು ದ್ರವವಾಗಿಯೇ ಉಳಿದಿತ್ತು. ಬುರುಡೆಯ ತುದಿಯನ್ನು ಮುರಿದಾಗ ಅಥವಾ ನೀರು ಅಲುಗಾಡಿದಾಗ ಕ್ಷಣಾರ್ಧದಲ್ಲಿ ಮಂಜಿನ ಹರಳುಗಳು ತುಂಬಿಕೊಂಡವು. ಅತಿಶೀತಲೀಕರಣ ಎಂದು ಕರೆಯಲಾಗುವ ಈ ವಿದ್ಯಮಾನವನ್ನು ಮೊದಲು ದಾಖಲಿಸಿದವರು ಇವರೇ. ಗಾಳಿಯ ಒತ್ತಡ ಬದಲಾದಂತೆ ನೀರು ಕುದಿಯುವ ಉಷ್ಣತೆಯೂ ಬದಲಾಗುತ್ತದೆ ಎಂಬುದನ್ನು ಗುರುತಿಸಿ, ಕುದಿಬಿಂದುವಿನ ಮೂಲಕವೇ ಒತ್ತಡವನ್ನು ತಿಳಿಯುವ ಉಪಕರಣವನ್ನೂ ಅವರು ಸೂಚಿಸಿದರು.

1724ರಲ್ಲಿ ಇಂಗ್ಲೆಂಡಿಗೆ ಭೇಟಿ ನೀಡಿದ ಅವರನ್ನು ಲಂಡನ್ನಿನ ರಾಯಲ್ ಸೊಸೈಟಿಯು ತನ್ನ ಸದಸ್ಯರನ್ನಾಗಿ ಆಯ್ಕೆ ಮಾಡಿತು. ಅದೇ ವರ್ಷ ಆ ಸಂಸ್ಥೆಯ ಪತ್ರಿಕೆಯಲ್ಲಿ ಲ್ಯಾಟಿನ್ ಭಾಷೆಯ ಅವರ ಐದು ಲೇಖನಗಳು ಪ್ರಕಟವಾದವು. ಅವರು ಪ್ರಕಟಿಸಿದ ಮಾಪಕದ ಮೂರು ನೆಲೆಗಳು ಈ ಕೆಳಕಂಡಂತಿವೆ:

1. ಮಂಜುಗಡ್ಡೆ, ನೀರು ಮತ್ತು ನವಸಾಗರ ಅಥವಾ ಸಮುದ್ರದ ಉಪ್ಪಿನ ಮಿಶ್ರಣದ ಶೀತ: 0 ಡಿಗ್ರಿ.
2. ಉಪ್ಪು ಸೇರಿಸದ ನೀರು ಮತ್ತು ಮಂಜುಗಡ್ಡೆಯ ಮಿಶ್ರಣ: 32 ಡಿಗ್ರಿ.
3. ಆರೋಗ್ಯವಂತ ಮನುಷ್ಯನ ಬಾಯಿ ಅಥವಾ ಕಂಕುಳಿನ ಉಷ್ಣತೆ: 96 ಡಿಗ್ರಿ.

ಕೊನೆಯ ಅರ್ಜಿ

ಹಾಲೆಂಡಿನ ಬಹುಭಾಗ ಭೂಮಿ ಸಮುದ್ರಮಟ್ಟಕ್ಕಿಂತ ಕೆಳಗಿದ್ದು, ಜಮೀನಿನಲ್ಲಿ ನಿಂತ ನೀರನ್ನು ಮೇಲೆತ್ತಿ ಹೊರಹಾಕುವುದು ಅಲ್ಲಿನ ಜನರ ನಿತ್ಯದ ಸಮಸ್ಯೆಯಾಗಿತ್ತು. ಈ ಕೆಲಸಕ್ಕೆಂದು ಫ್ಯಾರನ್‌ಹೀಟ್ ಅವರು ನೀರೆತ್ತುವ ಯಂತ್ರವೊಂದನ್ನು ರೂಪಿಸಿದರು. ಅದಕ್ಕೆ ಪೇಟೆಂಟ್ ಹಕ್ಕು ಕೋರಿ ಹಾಲೆಂಡ್ ಪ್ರಾಂತ್ಯದ ಸರ್ಕಾರಕ್ಕೆ ಅರ್ಜಿ ಸಲ್ಲಿಸುವ ಸಲುವಾಗಿ 1736ರ ಆಗಸ್ಟ್ ತಿಂಗಳಿನಲ್ಲಿ ಹೇಗ್ ನಗರಕ್ಕೆ ಬಂದು, ಪರಿಚಿತರೊಬ್ಬರ ಮನೆಯಲ್ಲಿ ಉಳಿದುಕೊಂಡರು.

ಸೆಪ್ಟೆಂಬರ್ ಮೊದಲ ವಾರದಲ್ಲಿ ಅವರು ಕಾಯಿಲೆ ಬಿದ್ದರು. ಸೆಪ್ಟೆಂಬರ್ 7ರಂದು ನೋಟರಿಯವರನ್ನು ಕರೆಸಿ ಉಯಿಲು ಬರೆಸಿದರು. 11ರಂದು ಅದರಲ್ಲಿ ಕೆಲವು ಮಾರ್ಪಾಡುಗಳನ್ನು ಮಾಡಿಸಿದರು. ಸೆಪ್ಟೆಂಬರ್ 16ರಂದು, ಐವತ್ತನೆಯ ವಯಸ್ಸಿನಲ್ಲಿ ನಿಧನರಾದರು. ಹೇಗ್ ನಗರದ ಕ್ಲೂಸ್ಟರ್ ಚರ್ಚಿನಲ್ಲಿ ಅವರನ್ನು ಸಮಾಧಿ ಮಾಡಲಾಯಿತು. ನಿರ್ಗತಿಕರಿಗೆ ನಿಗದಿಯಾಗಿದ್ದ ನಾಲ್ಕನೆಯ ದರ್ಜೆಯ ಅಂತ್ಯಸಂಸ್ಕಾರವೇ ಅವರಿಗೆ ದೊರೆಯಿತು. ಯುರೋಪಿನ ವಿದ್ವಾಂಸರು ಅವರ ತಾಪಮಾಪಕಗಳನ್ನು ಬಳಸುತ್ತಿದ್ದ ಕಾಲದಲ್ಲಿಯೇ ಅವರ ಬದುಕು ಹೀಗೆ ಬಡತನದಲ್ಲಿ ಮುಗಿಯಿತು.

ಮರಣಾನಂತರದ ಬದಲಾವಣೆಗಳು

ಮನುಷ್ಯನ ಮೈಬಿಸಿಯು ವ್ಯಕ್ತಿಯಿಂದ ವ್ಯಕ್ತಿಗೆ, ಬೆಳಗ್ಗೆಯಿಂದ ಸಂಜೆಗೆ ಬದಲಾಗುವುದರಿಂದ ಅದು ಅಳತೆಯ ನೆಲೆಯಾಗಲು ತಕ್ಕುದಲ್ಲ ಎಂಬುದು ಕ್ರಮೇಣ ಮನವರಿಕೆಯಾಯಿತು. ಹೆನ್ರಿ ಕ್ಯಾವೆಂಡಿಷ್ ಅವರ ಅಧ್ಯಕ್ಷತೆಯ ರಾಯಲ್ ಸೊಸೈಟಿಯ ಸಮಿತಿಯು 1777ರಲ್ಲಿ ತನ್ನ ವರದಿಯಲ್ಲಿ, ಕುದಿಬಿಂದುವನ್ನು ಗುರುತಿಸುವ ನಿಖರ ಕ್ರಮವನ್ನು ಶಿಫಾರಸು ಮಾಡಿತು. ಹೀಗೆ ಕರಗುವ ಮಂಜುಗಡ್ಡೆಗೆ 32, ಕುದಿಯುವ ನೀರಿಗೆ 212 ಎಂಬ ಎರಡು ನೆಲೆಗಳ ಮೇಲೆ ಈ ಮಾಪಕವು ಸ್ಥಿರಗೊಂಡಿತು. ಹಾಗೆ ಸ್ಥಿರಗೊಂಡ ಮಾಪಕದಲ್ಲಿ ಮನುಷ್ಯನ ದೇಹದ ಉಷ್ಣತೆಯು 96ರಲ್ಲಿ ನಿಲ್ಲದೆ 98ರ ಆಸುಪಾಸಿಗೆ ಬಂದಿತು.

ಸ್ವೀಡನ್ನಿನ ಉಪ್ಸಾಲ ನಗರದ ಖಗೋಳ ವಿಜ್ಞಾನಿ ಆಂಡರ್ಸ್ ಸೆಲ್ಸಿಯಸ್ ಅವರು 1742ರಲ್ಲಿ ನೂರು ಭಾಗಗಳ ಮಾಪಕವನ್ನು ಪ್ರಕಟಿಸಿದರು. ಅವರ ಮೂಲ ಮಾಪಕದಲ್ಲಿ ಕುದಿಯುವ ನೀರಿಗೆ 0, ಮಂಜುಗಡ್ಡೆಗೆ 100 ಎಂದಿತ್ತು. 1744ರಲ್ಲಿ ಅವರು ನಿಧನರಾದ ಬಳಿಕ ಇದನ್ನು ತಿರುಗಿಸಿ ಈಗಿನ ಕ್ರಮಕ್ಕೆ ತರಲಾಯಿತು. 1848ರಲ್ಲಿ ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡವರು, ಯಾವುದೇ ವಸ್ತುವಿನ ಗುಣವನ್ನು ಅವಲಂಬಿಸದ ನಿರಪೇಕ್ಷ ಮಾಪಕವನ್ನು ಸೂಚಿಸಿದರು. ಅವರ ಹೆಸರಿನ ಕೆಲ್ವಿನ್ ಮಾನವೇ ಈಗ ಅಂತಾರಾಷ್ಟ್ರೀಯ ಪದ್ಧತಿಯಲ್ಲಿ ತಾಪಮಾನದ ಮೂಲಮಾನವಾಗಿದ್ದು, ಭಾರತದ ಕಾನೂನು ಮಾಪನಶಾಸ್ತ್ರ ಕಾಯ್ದೆ, 2009 ಸಹ ಇದನ್ನೇ ಮೂಲಮಾನವೆಂದು ಅಂಗೀಕರಿಸಿದೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ದಿನನಿತ್ಯದ ಎಲ್ಲ ವ್ಯವಹಾರಕ್ಕೂ, ನಮ್ಮಲ್ಲಿ ಜ್ವರದ ಅಳತೆಗೆ ಫ್ಯಾರನ್‌ಹೀಟ್ ಮಾಪಕವು ಉಳಿದುಕೊಂಡಿದೆ.

ಮಾಪಕಗಳ ಪರಸ್ಪರ ಸಂಬಂಧ

ಮಂಜುಗಡ್ಡೆಯಿಂದ ಕುದಿಯುವ ನೀರಿನವರೆಗಿನ ಅಂತರವು ಸೆಲ್ಸಿಯಸ್ ಮಾಪಕದಲ್ಲಿ 100 ಭಾಗ. ಅದೇ ಅಂತರವು ಫ್ಯಾರನ್‌ಹೀಟ್ ಮಾಪಕದಲ್ಲಿ 180 ಭಾಗ. ಆದ್ದರಿಂದ 5 ಸೆಲ್ಸಿಯಸ್ ಡಿಗ್ರಿಗಳು 9 ಫ್ಯಾರನ್‌ಹೀಟ್ ಡಿಗ್ರಿಗಳಿಗೆ ಸಮ. ಇದಲ್ಲದೆ ಮೊದಲನೆಯದು 0ಯಿಂದ, ಎರಡನೆಯದು 32ರಿಂದ ಆರಂಭವಾಗುತ್ತದೆ. ಇದನ್ನು ವಿದ್ಯುತ್ ಬಿಲ್ಲಿನ ಉದಾಹರಣೆಯಿಂದ ತಿಳಿಯಬಹುದು. ಬಿಲ್ಲಿನಲ್ಲಿ ನಿಗದಿತ ಶುಲ್ಕವೊಂದು ಇದ್ದು, ಅದರ ಮೇಲೆ ಬಳಸಿದ ಪ್ರತಿ ಯೂನಿಟ್ಟಿಗೆ ದರ ಸೇರುತ್ತದೆ. ಇಲ್ಲಿ 32 ಎಂಬುದು ನಿಗದಿತ ಶುಲ್ಕವಿದ್ದಂತೆ. 9ರಿಂದ ಗುಣಿಸಿ 5ರಿಂದ ಭಾಗಿಸುವುದು ದರವಿದ್ದಂತೆ.

ಫ್ಯಾರನ್‌ಹೀಟ್ ಅಂಕಿಯನ್ನು ಸೆಲ್ಸಿಯಸ್‌ಗೆ ಪರಿವರ್ತಿಸಲು ಮೊದಲು 32 ಕಳೆದು, ಬಂದದ್ದನ್ನು 5ರಿಂದ ಗುಣಿಸಿ 9ರಿಂದ ಭಾಗಿಸಬೇಕು. ಉದಾಹರಣೆಗೆ 104ರಲ್ಲಿ 32 ಕಳೆದರೆ 72. 5ರಿಂದ ಗುಣಿಸಿದರೆ 360. 9ರಿಂದ ಭಾಗಿಸಿದರೆ 40 ಡಿಗ್ರಿ ಸೆಲ್ಸಿಯಸ್. ಸೆಲ್ಸಿಯಸ್ ಅಂಕಿಯನ್ನು ಫ್ಯಾರನ್‌ಹೀಟ್‌ಗೆ ಪರಿವರ್ತಿಸಲು 9ರಿಂದ ಗುಣಿಸಿ, 5ರಿಂದ ಭಾಗಿಸಿ, ಕೊನೆಯಲ್ಲಿ 32 ಕೂಡಬೇಕು. ಹೀಗೆ 38 ಡಿಗ್ರಿ ಸೆಲ್ಸಿಯಸ್ ಎಂದರೆ 100.4 ಡಿಗ್ರಿ ಫ್ಯಾರನ್‌ಹೀಟ್. ಸೆಲ್ಸಿಯಸ್ ಅಂಕಿಗೆ 273.15 ಕೂಡಿದರೆ ಕೆಲ್ವಿನ್ ಅಂಕಿ ದೊರೆಯುತ್ತದೆ. ಸೊನ್ನೆಗಿಂತ 40 ಡಿಗ್ರಿ ಕೆಳಗೆ ಫ್ಯಾರನ್‌ಹೀಟ್ ಮತ್ತು ಸೆಲ್ಸಿಯಸ್ ಅಂಕಿಗಳು ಒಂದೇ ಆಗುತ್ತವೆ.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿ ನಿವಾರಿಸುವುದು ಅಗತ್ಯ. ಉಷ್ಣತೆಯ ಏರಿಕೆ ಅಥವಾ ಇಳಿಕೆಯನ್ನು ಪರಿವರ್ತಿಸುವಾಗ 32 ಕೂಡಬಾರದು. ಜ್ವರವು 2 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದೆ ಎಂದರೆ 3.6 ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಏರಿದೆ ಎಂದೇ ಅರ್ಥ. ಎರಡು ತಿಂಗಳ ಬಿಲ್ಲುಗಳ ವ್ಯತ್ಯಾಸವನ್ನು ತೆಗೆದಾಗ ನಿಗದಿತ ಶುಲ್ಕವು ಹೇಗೆ ಕಳೆದುಹೋಗುತ್ತದೆಯೋ ಹಾಗೆಯೇ ಇದೂ ಸಹ.

ಸಾರ್ವಜನಿಕರ ಗಮನಕ್ಕೆ

ಜರ್ಮನಿಯ ವೈದ್ಯ ಕಾರ್ಲ್ ವುಂಡರ್‌ಲಿಶ್ ಅವರು ಬಹುಸಂಖ್ಯೆಯ ರೋಗಿಗಳ ದೇಹದ ಉಷ್ಣತೆಯನ್ನು ದಾಖಲಿಸಿ, 1868ರಲ್ಲಿ 37 ಡಿಗ್ರಿ ಸೆಲ್ಸಿಯಸ್ ಎಂಬ ಸರಾಸರಿಯನ್ನು ಪ್ರಕಟಿಸಿದರು. ಇದನ್ನು ಪರಿವರ್ತಿಸಿದಾಗ 98.6 ಡಿಗ್ರಿ ಫ್ಯಾರನ್‌ಹೀಟ್ ಬರುತ್ತದೆ. ಕೊನೆಯ ದಶಾಂಶವು ಲೆಕ್ಕದಿಂದ ಬಂದದ್ದೇ ಹೊರತು ದೇಹವು ಅಷ್ಟು ಕರಾರುವಾಕ್ಕಾಗಿ ಒಂದೇ ಅಂಕಿಯಲ್ಲಿ ನಿಲ್ಲುವುದಿಲ್ಲ. ಆದ್ದರಿಂದ 98.6ಕ್ಕಿಂತ ಅಲ್ಪಸ್ವಲ್ಪ ಹೆಚ್ಚು ಕಡಿಮೆಯಾದ ಮಾತ್ರಕ್ಕೆ ಗಾಬರಿಯಾಗಬೇಕಾಗಿಲ್ಲ.

ಪಾದರಸದ ದುಷ್ಪರಿಣಾಮಗಳನ್ನು ತಡೆಯುವ ಮಿನಮಾಟ ಒಪ್ಪಂದವನ್ನು ಭಾರತವು 2018ರಲ್ಲಿ ಅನುಮೋದಿಸಿದೆ. ಪಾದರಸದ ಬದಲಿಗೆ ಬಂದಿರುವ ಅನೇಕ ಡಿಜಿಟಲ್ ಥರ್ಮಾಮೀಟರುಗಳಲ್ಲಿ ಎರಡೂ ಮಾಪಕಗಳಿದ್ದು, ಗುಂಡಿಯನ್ನು ಒತ್ತಿದಾಗ ಒಂದರಿಂದ ಇನ್ನೊಂದಕ್ಕೆ ಬದಲಾಗುತ್ತವೆ. ಅಂಕಿಯ ಪಕ್ಕದಲ್ಲಿರುವ ಅಕ್ಷರವನ್ನು ನೋಡದೆ, 39 ಎಂಬ ಅಂಕಿಯನ್ನು ಕಂಡು ಜ್ವರವಿಲ್ಲವೆಂದು ಭಾವಿಸುವ ಸಂಭವವಿದೆ. ಆ ಅಂಕಿಯು ಸೆಲ್ಸಿಯಸ್ ಆಗಿದ್ದಲ್ಲಿ ಮಗುವಿಗೆ 102.2 ಡಿಗ್ರಿ ಜ್ವರವಿದೆ ಎಂದು ಅರ್ಥ. ವೈದ್ಯರಿಗೆ ದೂರವಾಣಿಯಲ್ಲಿ ತಿಳಿಸುವಾಗಲೂ, ಆಸ್ಪತ್ರೆಯ ನಮೂನೆಗಳಲ್ಲಿ ಬರೆಯುವಾಗಲೂ ಅಂಕಿಯ ಜೊತೆಗೆ ಮಾಪಕದ ಹೆಸರನ್ನು ತಪ್ಪದೆ ನಮೂದಿಸುವುದು ಸೂಕ್ತ. ಬಳಕೆಗೆ ಅನುಕೂಲವಾಗುವಂತೆ ಈ ಕೆಳಗಿನ ಅಂಕಿಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳಬಹುದು:

37 ಡಿಗ್ರಿ ಸೆಲ್ಸಿಯಸ್ = 98.6 ಡಿಗ್ರಿ ಫ್ಯಾರನ್‌ಹೀಟ್
38 ಡಿಗ್ರಿ ಸೆಲ್ಸಿಯಸ್ = 100.4 ಡಿಗ್ರಿ ಫ್ಯಾರನ್‌ಹೀಟ್
39 ಡಿಗ್ರಿ ಸೆಲ್ಸಿಯಸ್ = 102.2 ಡಿಗ್ರಿ ಫ್ಯಾರನ್‌ಹೀಟ್
40 ಡಿಗ್ರಿ ಸೆಲ್ಸಿಯಸ್ = 104 ಡಿಗ್ರಿ ಫ್ಯಾರನ್‌ಹೀಟ್

ಹದಿನೈದನೆಯ ವಯಸ್ಸಿನಲ್ಲಿ ತಂದೆ ತಾಯಿಯನ್ನು ಕಳೆದುಕೊಂಡು, ಅಲೆದಾಡುತ್ತಲೇ ಕೆಲಸ ಕಲಿತ ಫ್ಯಾರನ್‌ಹೀಟ್ ಅವರು ಆಸ್ತಿಪಾಸ್ತಿಯನ್ನು ಬಿಟ್ಟುಹೋಗಲಿಲ್ಲ. ಎರಡು ಬೇರೆ ಊರುಗಳಲ್ಲಿ, ಇಬ್ಬರು ಬೇರೆ ವ್ಯಕ್ತಿಗಳು ಅಳೆದರೂ ಒಂದೇ ಅಂಕಿ ಬರಬೇಕೆಂಬ ನಿಯಮವನ್ನು ಕೈಕೆಲಸದ ಮೂಲಕ ಸಾಧಿಸಿ ತೋರಿಸಿದರು. ಜ್ವರ ಬಂದ ಮಗುವಿನ ಕಂಕುಳಿನಲ್ಲಿ ಥರ್ಮಾಮೀಟರ್ ಇಟ್ಟು ನೋಡುವ ಪ್ರತಿಯೊಂದು ಮನೆಯೂ ಇಂದಿಗೂ ಆ ಸಾಧನೆಯ ಪ್ರಯೋಜನವನ್ನು ಪಡೆಯುತ್ತಿದೆ.